ಲಾರಿ ಇಲ್ಲದ ಹಾಡು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರೇ ಒಪ್ಪುತ್ತಿರಲಿಲ್ಲ. ಹೆಸರು ಗೊತ್ತಾದ ಮೇಲೆ ಯಾರೂ ಹಾಡು ಕೇಳುವುದಿಲ್ಲ, ಹೆಸರನ್ನೇ ಕೇಳುತ್ತಾರೆ ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತ ಎನ್ನುವುದು ನನ್ನ ಪದ; ಅವರಿಗೆ ಹೇಳಿದ್ದರೆ ಅದರ ಸೊಂಟದ ಅಳತೆ ಎಷ್ಟು ಎಂದು ಕೇಳುತ್ತಿದ್ದರು. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಅವರು ಕಟಿಂಗ್ ಮಾಸ್ತರು. ನಮಗೂ ಮಾಸ್ತರೇ. ಹೋದ ತಿಂಗಳು ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು.

ಅವರನ್ನು ಕುರಿತು ನಾನೊಂದು ಕಥೆಯನ್ನು ಅನೇಕ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ವಿಮರ್ಶೆ ಎಂದರೇನು ಎಂದು ಕಾಲೇಜುಗಳಲ್ಲಿ ಭಾಷಣಕ್ಕೆ ಕರೆದಾಗಲೆಲ್ಲ ಹೇಳಿದ್ದೇನೆ. ಪ್ರತಿ ಸಲವೂ ಚಪ್ಪಾಳೆ ಬಿದ್ದಿದೆ. ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯದು. ಆ ಕಥೆಗೆ ಬರುವ ಮುನ್ನ ಮಾಸ್ತರನ್ನು ಒಂದಿಷ್ಟು ತೋರಿಸಬೇಕು. ಇದರಲ್ಲಿಯೂ ಎಷ್ಟು ನಿಜವೋ ಆಣೆ ಮಾಡಲಾರೆ.

ಅದು ಅದಿರಿನ ಕಾಲ. ಊರಿಗೆ ದುಡ್ಡು ಬಂದಾಗ ಮೊದಲು ಕಾರು ಬಂತು, ಆಮೇಲೆ ಮನೆಮನೆಗೆ ಗ್ರಾನೈಟ್ ನೆಲ ಬಂತು, ಕೊನೆಗೆ ಕಲೆ ಬಂತು. ಮಣ್ಣು ಮಾರಿದವರು ಗಿಟಾರು ಕೊಂಡು ಗೋಡೆಗೆ ತೂಗುಹಾಕಿದರು. ಮಣ್ಣು ಮಾರಲು ಸಿಗದ ನಾವು, ಮಾರಿದವರನ್ನು ಬೈದು ಹಾಡು ಕಟ್ಟಿದೆವು. ಎರಡೂ ಪಕ್ಷದವರ ಕಾಲರಿಗೆ ಒಂದೇ ಕೆಂಪು ಧೂಳು. ಮಾಸ್ತರ ಉಗುರಿನ ಸಂದಿಯಲ್ಲಿ ಮಾತ್ರ ನೀಲಿ ಇರುತ್ತಿತ್ತು, ಜೀನ್ಸ್ ಬಟ್ಟೆಯ ಬಣ್ಣ.

ಕೌಲ್ ಬಜಾರಿನಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾವು ಏಳೆಂಟು ಮಂದಿ ಸೇರುತ್ತಿದ್ದೆವು. ಮನೆಯಲ್ಲೇ ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿದ ಸ್ವಂತ ಹಾಡುಗಳನ್ನು ಒಬ್ಬರಿಗೊಬ್ಬರು ಕೇಳಿಸಿ ಅಭಿಪ್ರಾಯ ಪಡೆಯುವುದು ನಮ್ಮ ಕೆಲಸ. ಕುರುಗೋಡಿನಿಂದ ಬರುತ್ತಿದ್ದ ವೀರೇಶನಿಗೆ ಗೊಬ್ಬರದ ಅಂಗಡಿ ಇತ್ತು, ಹಾರ್ಮೋನಿಯಂ ನುಡಿಸುತ್ತಿದ್ದ. ಗಿರಿಜಕ್ಕ ಮಕ್ಕಳ ವಾರ್ಡಿನ ನರ್ಸು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ಕಾಯಂ ಆಗದ ಮೇಷ್ಟರ ಕೆಲಸ ಮಾಡುತ್ತ, ಗಿಟಾರಿನ ಮೂರು ಸ್ವರಮೇಳ ಕಲಿತು, ನಾಲ್ಕನೆಯದರ ಬಗ್ಗೆ ಭಾಷಣ ಮಾಡುತ್ತಿದ್ದೆ. ಸಿ.ಡಿ. ಬಂದಿತ್ತು, ಫೋನಿನಲ್ಲಿ ಹಾಡು ಕಳಿಸುವುದೂ ಶುರುವಾಗಿತ್ತು. ಮಾಸ್ತರು ಮಾತ್ರ ಕ್ಯಾಸೆಟ್ಟೇ ಬೇಕೆನ್ನುತ್ತಿದ್ದರು.

"ಕ್ಯಾಸೆಟ್ಟಿಗೆ ಎರಡು ಮಗ್ಗಲ ಇರ್ತಾವ್ರಿ. ಒಂದ್ರಾಗ ನೀವು, ಇನ್ನೊಂದ್ರಾಗ ನಾವು."

ಕೋಣೆಯ ಪದ್ಧತಿಯೇ ಅದು, ಮತ್ತು ಅದು ಅವರದೇ. ಬರುವವರು ತಮ್ಮ ಕ್ಯಾಸೆಟ್ಟನ್ನು ಹೆಸರು ಬರೆಯದೆ ಬಾಗಿಲ ಹತ್ತಿರದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಬೇಕು. ಗಿರಿಜಕ್ಕ ಕೈಗೆ ಸಿಕ್ಕಿದ್ದನ್ನು ತೆಗೆದು ಹಚ್ಚುತ್ತಿದ್ದರು. ಹಾಡು ಮುಗಿದ ಮೇಲೆ ಕ್ಯಾಸೆಟ್ಟನ್ನು ಹೊರಳಿಸಿ ರೆಕಾರ್ಡಿಗೆ ಹಾಕುವುದು. ಒಬ್ಬೊಬ್ಬರೇ ಅನಿಸಿದ್ದು ಹೇಳುವುದು. ಹಾಡಿನವರು ಅಲ್ಲೇ ಕೂತಿದ್ದರೂ ತುಟಿ ಬಿಚ್ಚುವಂತಿಲ್ಲ. ಎಲ್ಲರದೂ ಮುಗಿದಾಗ ಒಂದೇ ಮಾತು ಹೇಳಬೇಕು: "ಆಯ್ತ್ರಿ." ವಿವರಣೆ ಇಲ್ಲ, ಗಂಟಲು ಕೆಟ್ಟಿತ್ತು ಎಂಬ ಸಬೂಬು ಇಲ್ಲ. ಹೀಗೆ ಹಾಡು ಒಂದು ಮಗ್ಗುಲಲ್ಲಿ, ಅದಕ್ಕೆ ಬಿದ್ದ ಮಾತು ಇನ್ನೊಂದರಲ್ಲಿ ಸೇರಿ ಕ್ಯಾಸೆಟ್ ಮಾಲೀಕರ ಮನೆಗೆ ಹೋಗುತ್ತಿತ್ತು. ಅದಕ್ಕೊಂದು ಕವಚವನ್ನೂ ಮಾಸ್ತರೇ ಮಾಡಿಕೊಡುತ್ತಿದ್ದರು: ಕೆಟ್ಟುಹೋದ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು.

ಧ್ವನಿ ಕೇಳಿದರೆ ಯಾರೆಂದು ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಹೆಚ್ಚಿನ ಸಲ ಗೊತ್ತಾಗುತ್ತಿತ್ತು. ಗೊತ್ತಾಗದವರಂತೆ ನಟಿಸುವುದರಲ್ಲಿ ನಾವೆಲ್ಲ ಹಾಡುವುದಕ್ಕಿಂತ ಚೆನ್ನಾಗಿ ಪಳಗಿದ್ದೆವು.

ಮಾಸ್ತರ ಕೈಚೀಲದಲ್ಲಿ ಬಟ್ಟೆ ಸುತ್ತಿದ ದೊಡ್ಡ ಕತ್ತರಿ ಇರುತ್ತಿತ್ತು. ಹಾಡು ಕೇಳುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹಾಡಿನಲ್ಲಿ ಎಲ್ಲಿ ಸುಳ್ಳು ಕಂಡಿತೋ ಅಲ್ಲಿ ಗಾಳಿಯಲ್ಲಿ ಒಮ್ಮೆ ಕತ್ತರಿಸುತ್ತಿದ್ದರು: ಕಚಕ್. ಅಪಸ್ವರಕ್ಕೆ ಅಲ್ಲ, ತಾಳ ತಪ್ಪಿದ್ದಕ್ಕೂ ಅಲ್ಲ. ಸುಳ್ಳಿಗೆ.

"ಖಾಲಿ ಕತ್ರಿ ಆಡ್ಸಬ್ಯಾಡ್ರಿ ಮಾಸ್ತರ, ಮನ್ಯಾಗ ಜಗಳ ಆಕ್ಕಾವಂತ," ಎಂದು ಗಿರಿಜಕ್ಕ ಮೊದಲ ದಿನ ಅಂಜಿಸಿದ್ದರು.

"ಜಗಳ ಆಗ್ಲಿ ಅಂತನ ಆಡ್ಸೋದ್ರಿ ತಾಯಿ."

ಕತ್ತರಿ ಹಾಡಿಗೆ ಮಾತ್ರ. ಮಾತನಾಡುವಾಗ ಅದು ಬಟ್ಟೆಯೊಳಗೆ ಹೋಗಬೇಕು. ಯಾರ ಮಾತಿಗೂ ಅವರು ಕತ್ತರಿ ಆಡಿಸಿದ್ದನ್ನು ನಾನು ಕಂಡಿಲ್ಲ. ಹಾಗೆಂದು ನಂಬಿದ್ದೆ.

ಕೊನೆಗೆ ಕೆಳಗಿನಿಂದ ಚಹ ಬರುತ್ತಿತ್ತು. ಮಾಸ್ತರು ತಮ್ಮ ಕಪ್ಪಿನಿಂದ ಅರ್ಧ ಬಸಿಗೆ ಸುರಿದು, ಆ ಬಸಿಯನ್ನು ಅವತ್ತು ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರ ಕೈಗೆ ಕೊಡುತ್ತಿದ್ದರು. ಬಾಯಿಮಾತಿನ ಸಮಾಧಾನ ಅವರಿಗೆ ಬರುತ್ತಿರಲಿಲ್ಲ.

ಅವರ ವಿಮರ್ಶೆ ಹೊಲಿಗೆಯ ಭಾಷೆಯಲ್ಲೇ ಇರುತ್ತಿತ್ತು. ವೀರೇಶ ಒಂದು ಪ್ರೇಮಗೀತೆ ತಂದಿದ್ದ, ಐದು ಚರಣ. "ಸೊಂಟ ಸರಿ ಐತಿ. ಕಾಲು ಉದ್ದ ಆಗ್ಯಾವು. ಮೂರನೇದ್ರ ಮ್ಯಾಲ ಮಡಚಿ ಹೊಲಿ," ಎಂದರು. ವೀರೇಶ ಮಡಚಿದ; ಹಾಡು ನಿಂತಿತು. ಹುಡುಗಿ ನಿಲ್ಲಲಿಲ್ಲ, ಅದು ಬೇರೆ ಮಾತು. ಗಿರಿಜಕ್ಕನ ಜೋಗುಳಕ್ಕೆ ಕತ್ತರಿ ಆಡಲಿಲ್ಲ. ಅಭಿಪ್ರಾಯದ ಸರದಿ ಬಂದಾಗ ಮಾಸ್ತರು ಪದ್ಧತಿ ಮುರಿದು ನೇರ ಅವರನ್ನೇ ಕೇಳಿದರು, "ಕೂಸು ಮಲಗಿತೇನ್ರಿ?"

"ಮಲಗ್ತ್ರಿ."

"ಮತ್ತ ಮುಗೀತು. ನಮ್ದೇನೈತಿ ಇದ್ರಾಗ?"

ನನ್ನ ಹಾಡಿನ ಹೆಸರು 'ಧೂಳಿನ ಆತ್ಮಕಥೆ'. ಅದರಲ್ಲಿ ಬೆಟ್ಟ ಅಳುತ್ತಿತ್ತು, ಬಂದರು ನಗುತ್ತಿತ್ತು, ಇತಿಹಾಸ ಸುಮ್ಮನೆ ಕೂತಿತ್ತು. ಮೊದಲ ಸಾಲಿಗೇ ಕಚಕ್. ಎಷ್ಟು ಸಲ ಎಂದು ಎಣಿಸುವುದನ್ನು ನಾನು ಅರ್ಧಕ್ಕೇ ಬಿಟ್ಟೆ. ಆಮೇಲೆ ಮಾಸ್ತರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ, ಇದೊಂದನ್ನು ಸುಧಾರಿಸುವ ಅಗತ್ಯ ಬಿದ್ದಿಲ್ಲ: "ಈ ಹಾಡಿಗೆ ಹದಿನಾಕು ಜೇಬು ಅದಾವ್ರಿ. ಒಂದ್ರಾಗೂ ಏನಿಲ್ಲ."

"ಆಯ್ತ್ರಿ," ಎಂದೆ. ಬಸಿ ನನಗೆ ಬಂತು.

ಜನರನ್ನು ಅವರು ಸೊಂಟದ ಅಳತೆಯಿಂದ ಗುರುತಿಡುತ್ತಿದ್ದರು. ಮೊದಲ ಭೇಟಿಯಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೂವತ್ತು," ಎಂದಿದ್ದರು. ವರ್ಷಗಳ ಮೇಲೆ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ನಮಸ್ಕಾರಕ್ಕೂ ಮೊದಲು, "ಮೂವತ್ತೆಂಟು! ಕಾಯಂ ಆತೇನ್ರಿ ಕೆಲ್ಸ?" ಎಂದರು. ಆಗಿತ್ತು.

ಇನ್ನು ಲಾರಿಯ ವಿಷಯ. ನಮ್ಮೆಲ್ಲರ ಹಾಡುಗಳಲ್ಲೂ ಲಾರಿ ಇತ್ತು. ಪದಗಳಲ್ಲಲ್ಲ, ಸದ್ದಿನಲ್ಲಿ. ಕಿಟಕಿ ಮುಚ್ಚಿ, ಬಾಗಿಲಿಗೆ ಚಾದರ ಬಿಗಿದು, ಫ್ಯಾನು ಆರಿಸಿ ಬೆವರುತ್ತ ಹಾಡಿದರೂ ಎರಡನೇ ಚರಣಕ್ಕೆ ಸರಿಯಾಗಿ ಅದಿರಿನ ಲಾರಿಯೊಂದು ಹಾರನ್ ಹೊಡೆದುಕೊಂಡು ಕ್ಯಾಸೆಟ್ಟಿನೊಳಗೆ ಬರುತ್ತಿತ್ತು. ಗಿರಿಜಕ್ಕನ ಜೋಗುಳದಲ್ಲೇ ಮೂರು ಇದ್ದವು. ಲಾರಿ ಇಲ್ಲದ ಹಾಡು ಬಳ್ಳಾರಿಯಲ್ಲಿ ಸಾಧ್ಯವಿಲ್ಲ ಎಂದು ನಾವು ತೀರ್ಮಾನಿಸಿದ್ದಾಗಲೇ ಸಣ್ಣ ಸೌಕಾರ ಬಂದ.

ಲಾರಿಗಳ ಮಾಲೀಕರೊಬ್ಬರ ಮಗ. ಮನೆಯ ನೆಲಮಾಳಿಗೆಯಲ್ಲಿ, ಗೋಡೆಗೆಲ್ಲ ಸ್ಪಂಜು ಹೊಡೆಸಿ ಸ್ಟುಡಿಯೊ ಮಾಡಿಸಿದ್ದ. ಅಲ್ಲಿ ಲಾರಿಯ ಸದ್ದು ಇಳಿಯುತ್ತಿರಲಿಲ್ಲ. ಹಾಡು ತಾನೇ ಬರೆಯುತ್ತಿದ್ದ. ಹಾಡಲು ಮಾತ್ರ ಆರ್ಕೆಸ್ಟ್ರಾದಿಂದ ಯಾರನ್ನಾದರೂ ಕರೆಸುತ್ತಿದ್ದ, ಪ್ರತಿ ಸಲ ಹೊಸ ಗಂಟಲು. ತಾನು ಬರಲಾಗದ ವಾರ ಡ್ರೈವರ್ ಕೈಲಿ ಕ್ಯಾಸೆಟ್ ಕಳಿಸುತ್ತಿದ್ದ. ಕೋಣೆಗೆ ಗಾದಿ ಬಂದವು, ತಂಪು ಪಾನೀಯ ಬಂತು, ಹೊಸ ರೆಕಾರ್ಡರ್ ಬಂತು. ನಮ್ಮ ನಾಲಿಗೆಗಳೂ ಅದೇ ವೇಗದಲ್ಲಿ ಮೆತ್ತಗಾದವು. ಅವನ ಹಾಡನ್ನು ನಾನು 'ಪ್ರಯೋಗಶೀಲ' ಎಂದೆ. ವೀರೇಶ "ಬಾಳ ನೀಟ್ ಐತ್ರಿ ಸೌಕಾರ್ರ" ಎಂದ. ಹೆಸರು ಹಿಡಿದು ಹೇಳಬಾರದು ಎಂಬುದನ್ನೂ ಮರೆತು.

ಮಾಸ್ತರು ಅವನ ಮೊದಲ ಹಾಡಿಗೆ ಕತ್ತರಿ ಆಡಿಸಿದರೇ? ಏಳು ಸಲ ಆಡಿಸಿದರು ಎಂದು ನಾನು ಭಾಷಣಗಳಲ್ಲಿ ಹೇಳಿದ್ದೇನೆ. ಒಂದು ಸಲವೂ ಇಲ್ಲ, ಅವತ್ತು ಕತ್ತರಿ ಸಾಣೆಗೆ ಹೋಗಿತ್ತು ಎಂದು ವೀರೇಶ ಹೇಳುತ್ತಾನೆ. ಗಿರಿಜಕ್ಕನ ಪ್ರಕಾರ ಎಲ್ಲ ಹಾಡಿಗೆ ಆಡಿಸಿದಷ್ಟೇ ಇದಕ್ಕೂ ಆಡಿಸಿದರು, ಹೆಚ್ಚಿಲ್ಲ ಕಡಿಮೆಯಿಲ್ಲ. ಮೂವರೂ ಅಲ್ಲೇ ಇದ್ದೆವು.

ಇಷ್ಟೆಲ್ಲ ನಡೆದರೂ ಮಾಸ್ತರ ಹಾಡು ಡಬ್ಬಿಗೆ ಬಂದಿರಲಿಲ್ಲ. ಅವರಲ್ಲಿ ಹಳೆಯದೊಂದು ಬುಲ್‌ಬುಲ್ ತರಂಗ್ ಇದೆ, ಟೈಪ್‌ರೈಟರಿನಂತೆ ಗುಂಡಿ ಒತ್ತಿ ತಂತಿ ಮೀಟುವ ವಾದ್ಯ, ಅದರ ಮೇಲೆ ಒಂದೇ ಒಂದು ಹಾಡು ಕಟ್ಟಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು; ನುಡಿಸಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದಾಗಲೆಲ್ಲ, "ಇನ್ನಾ ಕಚ್ಚಾ ಹೊಲಿಗಿ ಐತ್ರಿ" ಎಂದು ಜಾರಿಕೊಳ್ಳುತ್ತಿದ್ದರು. ಒಮ್ಮೆ ಗಿರಿಜಕ್ಕನ ಹತ್ತಿರ ಮಾತ್ರ ಬಾಯಿಬಿಟ್ಟಿದ್ದರಂತೆ: "ಜಿಂದಗಿನಾಗ ಒಂದ ಹಾಡು ಮಾಡೀನ್ರಿ. ಅದು ಚಲೋ ಐತೋ ಇಲ್ಲೋ ನನಗ ತಿಳಿವಲ್ದು. ನಂದು ಅಂತ ಗೊತ್ತಾದ್ರ ನೀವೆಲ್ಲಾ ಮಾಸ್ತರ ಮಾಸ್ತರ ಅಂತ ತಲಿ ಆಡಿಸ್ತೀರಿ. ಗೊತ್ತಾಗದಂಗ ಒಮ್ಮಿ ಕೇಳಿಸ್ಬೇಕು." ಊರಿನ ಹಾಡಿಗೆಲ್ಲ ಅಳತೆ ಹಿಡಿದ ಮನುಷ್ಯನಿಗೆ ತನ್ನ ಹಾಡಿನ ಅಳತೆ ಸಿಕ್ಕಿರಲಿಲ್ಲ. ಒಂದು ಸಲ, ಒಬ್ಬರ ಬಾಯಿಂದ, ನಿಜವಾದದ್ದು ಬೇಕಾಗಿತ್ತು.

ಈಗ ನನ್ನ ಕಥೆ, ನಾನು ಹೇಳುತ್ತಿದ್ದ ರೀತಿಯಲ್ಲೇ.

ಒಂದು ಭಾನುವಾರ ಗಿರಿಜಕ್ಕ ಡಬ್ಬಿಯಿಂದ ಕ್ಯಾಸೆಟ್ಟೊಂದನ್ನು ತೆಗೆದು ಹಚ್ಚುತ್ತಾರೆ. ಪರಿಚಯವಿಲ್ಲದ ತೆಳ್ಳನೆಯ ಧ್ವನಿ. ಹಿಂದೆ ಯಾವುದೋ ತಂತಿವಾದ್ಯ. ಸುತ್ತ ನಿಶ್ಶಬ್ದ, ಒಂದೇ ಒಂದು ಲಾರಿ ಇಲ್ಲ. ಸ್ಪಂಜಿನ ಗೋಡೆ, ಬಾಡಿಗೆಯ ಗಂಟಲು: ಸಣ್ಣ ಸೌಕಾರನದೇ ಎಂದು ನನಗೆ ಖಾತ್ರಿಯಾಗುತ್ತದೆ. ಅವನು ಎದುರಿಗೇ ಕೂತಿದ್ದಾನೆ, ಕೊರಳಲ್ಲಿ ಚಿನ್ನದ ಸರ. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ: ಈ ಹಾಡಿನಲ್ಲಿ ಲಾರಿ ಇಲ್ಲ. ಬಳ್ಳಾರಿಯಲ್ಲಿ ಲಾರಿಯ ಸದ್ದು ಕೇಳಿಸದೇ ಇರುವುದು ಲಾರಿ ಇಟ್ಟವರಿಗೆ ಮಾತ್ರ. ಇದು ಹಾಡಲ್ಲ, ಮುಚ್ಚಿದ ಕಿಟಕಿ. ಎಲ್ಲರೂ ಸೌಕಾರನ "ಆಯ್ತ್ರಿ"ಗೆ ಕಾಯುತ್ತಾರೆ. ಆ ಮಾತು ಮೂಲೆಯಿಂದ ಬರುತ್ತದೆ, ಮಾಸ್ತರ ಗೊಗ್ಗರು ಧ್ವನಿಯಲ್ಲಿ.

ಜೀನ್ಸ್ ಬಟ್ಟೆಯ ಗೋದಾಮಿನಲ್ಲಿ, ಆಳೆತ್ತರದ ಥಾನುಗಳ ನಡುವೆ ಕೂತು ಅವರು ಅದನ್ನು ಹಾಡಿದ್ದರು. ದಪ್ಪ ಬಟ್ಟೆ ಊರಿನ ಸದ್ದನ್ನೆಲ್ಲ ಕುಡಿದಿತ್ತು. ಅರಳೆ ಧೂಳು ತಿಂದು ಒಡೆದ ಆ ಗಂಟಲಿನೊಳಗೆ ಹಾಡುವಾಗ ಅಷ್ಟು ಎಳೆಯ ಧ್ವನಿ ಇದೆಯೆಂದು ಯಾರಿಗೆ ಗೊತ್ತಿತ್ತು? ನಾನು ಒಂದು ಗಳಿಗೆ ಬೆಚ್ಚಿದರೂ ಸಾವರಿಸಿಕೊಂಡು ಹೇಳುತ್ತೇನೆ: "ಮಾಸ್ತರ, ನಿಮ್ಮದಾದರೂ ನನ್ನ ಮಾತು ಬದಲಾಗುವುದಿಲ್ಲ." ಅವರು ಮುಗುಳ್ನಕ್ಕು ಚಹದ ಬಸಿಯನ್ನು ನನ್ನ ಕೈಗೆ ಕೊಡುತ್ತಾರೆ. ಬೈಸಿಕೊಂಡವರಿಗೆ ಸಲ್ಲುವ ಬಸಿಯನ್ನು ಅವತ್ತು ಬೈದವನಿಗೆ ಕೊಟ್ಟರಲ್ಲ, ಅದೇ ವಿಮರ್ಶೆಗೆ ಸಲ್ಲುವ ಗೌರವ ಎಂದು ನಾನು ಮುಗಿಸುತ್ತಿದ್ದೆ. ಚಪ್ಪಾಳೆ.

ಹೋದ ವಾರ ಸಿರುಗುಪ್ಪಕ್ಕೆ ಮಾತಾಡಿಸಲು ಹೋಗಿದ್ದೆ. ಮಾಸ್ತರ ಮಗಳು ಬಾಗಿಲಲ್ಲೇ ಗುರುತು ಹಿಡಿದಳು.

"ಬರ್ರಿ ಸರ್. ಧೂಳಿನ ಹಾಡಿನೋರು ನೀವೇ ಅಲ್ರಿ?"

ಚಹ ಕುಡಿದೆವು. ಕೊನೆಯ ಎರಡು ವರ್ಷ ಉಸಿರಿನ ತೊಂದರೆಯಿಂದ ಹಾಡು ನಿಂತಿತ್ತು, ಆದರೂ ಬಂದವರ ಸೊಂಟ ಅಳೆಯುವುದು ನಿಂತಿರಲಿಲ್ಲವಂತೆ. ಏಳುವ ಹೊತ್ತಿಗೆ ಅವಳು ಒಳಗಿನಿಂದ ಒಂದು ಜೀನ್ಸ್ ಜೇಬು ತಂದು ಕೊಟ್ಟಳು. ಒಳಗೆ ಕ್ಯಾಸೆಟ್.

"ನೀವು ಅಬ್ಬಾನ ಕಥಿ ಕಾಲೇಜಿನ್ಯಾಗೆಲ್ಲಾ ಹೇಳ್ತೀರಂತಲ್ರಿ. ವೀರೇಶಣ್ಣ ಬಂದಾಗ ಹೇಳಿದ್ರು. ಅಬ್ಬಾ ಎಷ್ಟು ನಕ್ರಂದ್ರ, ಕೆಮ್ಮು ನಿಲ್ಸಾಕ ನೀರು ಕುಡಿಸ್ಬೇಕಾತು. ಆಮ್ಯಾಲ, ಇದನ್ನ ಎಂ.ಎ. ಸಾಹೇಬ್ರಿಗೆ ಕೊಡು, ಅವ್ರಿಗೆ ಬೇಕಾಕ್ಕತಿ ಅಂದ್ರು."

ನನ್ನ ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರ ಉಳಿದಿಲ್ಲ. ಬಳ್ಳಾರಿಯ ನೇರ ಬಸ್ಸು ಬಿಟ್ಟು ಕುರುಗೋಡಿನ ಬಸ್ಸು ಹತ್ತಿದೆ. ವೀರೇಶನ ಅಂಗಡಿಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಸೌಕಾರ ಕೊಡಿಸಿದ್ದ ಅದೇ ರೆಕಾರ್ಡರ್ ಇತ್ತು. ಅದಿರು ನಿಂತು, ಗುಂಪು ಚದುರಿ, ಸೌಕಾರನ ಸ್ಟುಡಿಯೊ ಮನೆಸಾಮಾನು ತುಂಬುವ ಕೋಣೆಯಾದ ಮೇಲೂ ಅದೊಂದು ಉಳಿದಿತ್ತು.

"ಯಾವ ಮಗ್ಗಲ ಮೊದ್ಲು?" ಎಂದ ವೀರೇಶ.

"ಹಾಡು."

ಹಾಡು ಬಂತು. ಚಿಕ್ಕವನಿದ್ದಾಗ ತಾಯಿ ಅಂಗಿ ಹೊಲಿಸಲು ಮಗನನ್ನು ಗೇಣಿನಲ್ಲಿ ಅಳೆಯುತ್ತಿದ್ದುದರ ಹಾಡು.

ಗೇಣಿಲೆ ಅಳದು ಬೆಳಸಿದಾಕಿ, ಎಲ್ಲಿಟ್ಟಿ ನಿನ್ನ ಕೈಯ
ಟೇಪು ಹಿಡದು ನಿಂತೀನವ್ವ, ನಿನ್ನ ಅಳತಿ ಸಿಗವಲ್ದು

ಎರಡನೆಯ ಸಾಲಿನ ನಡುವೆ ಲಾರಿಯ ಹಾರನ್ನು. ಚರಣದಲ್ಲಿ ಇನ್ನೊಂದು. ಕೊನೆಯಲ್ಲಿ ಎರಡು, ಒಂದರ ಹಿಂದೊಂದು. ನಾನು ವೀರೇಶನ ಮುಖ ನೋಡಿದೆ.

"ಇದ್ರಾಗ ಲಾರಿ ಅದಾವಲ್ಲೋ."

"ನೀ ಬೈದ್ಯಲ್ಲ, ಲಾರಿ ಇಲ್ಲಂತ. ಮುಂದಿನ ವಾರನ ಮನ್ಯಾಗ ಕಿಟಕಿ ತಗದು ಕುಂತು, ಅದರ ಮ್ಯಾಲ ಮತ್ತ ಹಾಡಿದ್ರು. ನನಗ ಹೇಳಿದ್ರು. ನಿನಗ ಗೊತ್ತಿದ್ದಿಲ್ಲೇನು?"

ಗೊತ್ತಿರಲಿಲ್ಲ. ಗೋದಾಮಿನ ಹಾಡು ಅಳಿಸಿಹೋಗಿತ್ತು. ಒಬ್ಬನ ಮೇಲಿನ ಸಿಟ್ಟಿಗೆಂದು ಹೊಲಿದ ನನ್ನ ಚಮತ್ಕಾರದ ಮಾತನ್ನು ಅವರು ಸಲಹೆಯೆಂದು ತೊಟ್ಟುಕೊಂಡು, ಇದ್ದೊಂದು ಹಾಡಿನ ಮೇಲೆ ಕತ್ತರಿ ಇಟ್ಟಿದ್ದರು. ಮೊದಲಿನದು ಇದಕ್ಕಿಂತ ಚೆನ್ನಾಗಿತ್ತೇ? ನೆನಪು ಮಾಡಿಕೊಳ್ಳಲು ನೋಡಿದೆ. ರಾಗ ಬರಲಿಲ್ಲ, ಒಂದು ಸಾಲೂ ಬರಲಿಲ್ಲ. ಆ ದಿನ ನಾನು ಹಾಡನ್ನು ಕೇಳಿಯೇ ಇರಲಿಲ್ಲ. ಇಲ್ಲದ ಲಾರಿಯನ್ನು ಕೇಳುತ್ತ ಕೂತಿದ್ದೆ.

ವೀರೇಶ ಕ್ಯಾಸೆಟ್ ಹೊರಳಿಸಿದ.

ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ವೀರೇಶನದೇ ಧ್ವನಿ, ಆಗಿನ ಎಳೆಯದು: "ಸೌಕಾರ್ರು ಇವತ್ತ ಬಂದಿಲ್ಲಲ್ಲಪಾ."

ಅದಕ್ಕೆ ಉತ್ತರ: "ಬರದಿದ್ರ ಚಲೋನ ಆತು ಬಿಡಲೇ. ಬಾಯಿ ಬಿಚ್ಚಿ ಮಾತಾಡಬೌದು."

ಆ ಧ್ವನಿ ನನ್ನದು.

ಎದುರಿಗೆ ಸೌಕಾರನೇ ಇರಲಿಲ್ಲ. ಕಣ್ಣಲ್ಲಿ ಕಣ್ಣಿಡಲು ಕಣ್ಣೇ ಇರಲಿಲ್ಲ. ಚಿನ್ನದ ಸರವನ್ನು ಎಲ್ಲಿಂದ ತಂದು ಯಾವ ಊರಿನ ಭಾಷಣದಲ್ಲಿ ಅವನ ಕೊರಳಿಗೆ ಹಾಕಿದೆನೋ. ಆಮೇಲೆ ಲಾರಿಯ ಮಾತು ಬಂತು, ಮುಚ್ಚಿದ ಕಿಟಕಿಯ ಮಾತು ಬಂತು. ನಾನು ಹೇಳುತ್ತಿದ್ದುದಕ್ಕಿಂತ ಮೂರು ಪಟ್ಟು ಉದ್ದ, ನಡುನಡುವೆ ನನ್ನದೇ ನಗು. ಗಿರಿಜಕ್ಕ, "ಹಾಡಿನ ಬಗ್ಗಿ ಹೇಳ್ರಿ ಸರ್, ಲಾರಿ ಬಗ್ಗಿ ಸಾಕು," ಎಂದದ್ದೂ ಇತ್ತು. ಅದನ್ನು ನಾನು ಯಾವ ಭಾಷಣದಲ್ಲೂ ಸೇರಿಸಿಲ್ಲ.

ಕೊನೆಗೆ ಮೂಲೆಯಿಂದ, ದೂರದಲ್ಲಿ: "ಆಯ್ತ್ರಿ."

ನಿಮ್ಮದಾದರೂ ನನ್ನ ಮಾತು ಬದಲಾಗುವುದಿಲ್ಲ ಎಂಬ ಸಾಲಿಗೆ ನಾನು ಕಾದೆ. ಅದೊಂದಾದರೂ ಇರಬೇಕಿತ್ತು.

"ಅಯ್ಯ ಮಾಸ್ತರ, ನಿಮ್ದೇನ್ರಿ?" ನನ್ನ ಧ್ವನಿ ಒಮ್ಮೆಲೇ ಎತ್ತರಕ್ಕೆ ಹೋಗಿತ್ತು. "ನಾ ಅಂದಿದ್ದು ಹಂಗಲ್ರಿ... ಅಂದ್ರ ಆ ನಿಶ್ಶಬ್ದ ಐತಲ್ರಿ, ಅದು ಒಂಥರಾ ಪ್ರತಿಭಟನಿ ಅದು. ಬಾಳ ಚಲೋ ಐತ್ರಿ ಹಾಡು. ಮೊದಲನೇ ಸಾಲಿಗೇ ನನ್ನ ಕಣ್ಣಾಗ ನೀರು ಬಂದಿದ್ವು, ಖರೇನ—"

ಕಚಕ್.

ಅಷ್ಟೇ. ಅಲ್ಲಿಂದ ಮುಂದೆ ಟೇಪು ಖಾಲಿ.

ವೀರೇಶ ಯಂತ್ರವನ್ನು ಆರಿಸಲಿಲ್ಲ. ಗೊಬ್ಬರದ ಚೀಲಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ. ಹೊರಗೆ ಬಸ್ಸೊಂದು ಬಳ್ಳಾರಿ, ಬಳ್ಳಾರಿ ಎಂದು ಕೂಗಿಸಿಕೊಂಡು ನಿಂತಿತ್ತು. ಅವನು ಯಾತಕ್ಕೆ ಕಾಯುತ್ತಿದ್ದಾನೆಂದು ತಿಳಿಯಲು ನನಗೆ ಕೊಂಚ ಹೊತ್ತು ಹಿಡಿಯಿತು. ಎಲ್ಲರದೂ ಮುಗಿದಿತ್ತು, ಇನ್ನು ನನ್ನ ಸರದಿ. ವಿವರಣೆ ಇಲ್ಲ, ಸಬೂಬು ಇಲ್ಲ, ಒಂದೇ ಮಾತು.

"ಆಯ್ತ್ರಿ," ಎಂದೆ.